ಅಳತೆಗೆ ಸಿಕ್ಕ ಕಾಲು, ಸಿಗದ ಕಾಲು

"ಐವತ್ತು ಸುತ್ತು ಯಾರು ಎಣಸ್ತಾರ್ರೀ ಸಾರ್?" ಅಂತ ಹಗರಿಬೊಮ್ಮನಹಳ್ಳಿ ಕಡೆಯ ಹುಡುಗನೊಬ್ಬ ಕೇಳಿದ್ದ. ತರಗತಿಯಲ್ಲಿ 10,000 ಮೀಟರ್ ಓಟದ ವಿಷಯ ಹೇಳುತ್ತಿದ್ದೆ. ದೊಡ್ಡ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನಲ್ಲಿ ಅದು ಇಪ್ಪತ್ತೈದು ಸುತ್ತು. ನಮ್ಮ ಹೈಸ್ಕೂಲು ಬಯಲಿನಲ್ಲಿ ಹಿಡಿಸುವುದು 200 ಮೀಟರಿನ ಟ್ರ್ಯಾಕು, ಹಾಗಾಗಿ ಐವತ್ತು. ಅಷ್ಟು ದೂರ ಓಡುವುದು ಹೇಗೆ ಎಂದು ಅವನು ಕೇಳಲಿಲ್ಲ. ದಿನಾ ಬೆಳಿಗ್ಗೆ ಸಂಜೆ ಹೊಲದ ಬದುವಿನ ಮೇಲೆ ಚೀಲ ಬೆನ್ನಿಗೆ ಬಿಗಿದುಕೊಂಡು ಓಡುತ್ತಲೇ ಶಾಲೆಗೆ ಬಂದು ಹೋಗುವ ಹುಡುಗ ಅವನು. ಎಣಿಸುವವರು ಯಾರು ಎಂಬುದೊಂದೇ ಅವನಿಗಿದ್ದ ಸಂಶಯ.

ನಾನು ಕೊಟ್ಟೂರಿನವನು. ಈ ಸುತ್ತಿನ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಸೀಮೆಯಲ್ಲಿ ದೂರದ ಓಟದ ಹಿಂದಿನ ಕಥೆಯನ್ನು ಕೆದಕುತ್ತ ಹೋದಾಗಲೆಲ್ಲ ನನಗೆ ಆ ಹುಡುಗನ ಪ್ರಶ್ನೆಯೇ ಎದುರಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಕಡೆ ಮಳೆಗೆ ಬರ ಬಂದಿದೆ, ಮೇವಿಗೆ ಬರ ಬಂದಿದೆ. ದೂರ ಹೋಗಬಲ್ಲ ಕಾಲಿಗೆ ಎಂದೂ ಬರ ಬಂದಿಲ್ಲ. ಅಳೆಯುವವರು, ಎಣಿಸುವವರು, ಬರೆದಿಡುವವರು ಬಂದದ್ದು ತಡವಾಗಿ. ಬಂದವರೆಲ್ಲ ನಮ್ಮ ಒಳಿತಿಗೆ ಬಂದವರೂ ಅಲ್ಲ.

ಮೊದಲು ನಡಿಗೆಯ ಮಾತು ಹೇಳಬೇಕು. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡಿದ ದಿನ ಕೊಟ್ಟೂರೇಶ್ವರನ ತೇರು. ಅದಕ್ಕೆ ಎರಡು ಮೂರು ದಿನ ಮುಂಚಿನಿಂದ ದಾವಣಗೆರೆ ಕಡೆಯಿಂದ ಹರಪನಹಳ್ಳಿ ಹಾದು ಬರುವ ರಸ್ತೆಯ ತುಂಬ ಜನ. ಹಗಲು ಬಿಸಿಲಾದ್ದರಿಂದ ರಾತ್ರಿ ನಡೆಯುವವರೇ ಹೆಚ್ಚು. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಮಜ್ಜಿಗೆ, ಮಂಡಕ್ಕಿ, ಬಾಳೆಹಣ್ಣು ಇಟ್ಟುಕೊಂಡು ಕಾದಿರುತ್ತಾರೆ. ಬಿಸಿನೀರಲ್ಲಿ ಕಾಲು ತೊಳೆದು ಎಣ್ಣೆ ನೀವಿ ಕಳಿಸುತ್ತಾರೆ. ಮಡಿಕೆಯಾದ ಚರ್ಮ, ಬೊಬ್ಬೆ ಎದ್ದ ಹಿಮ್ಮಡಿ, ಸೆಟೆದ ಮೀನಖಂಡ, ಇವುಗಳನ್ನು ಕಂಡು ಉಪಚಾರ ಮಾಡುವ ತಿಳಿವಳಿಕೆ ಈ ರಸ್ತೆಯ ಬದಿಯ ಅಜ್ಜಿಯರಿಗೆ ನನ್ನ ಡಿಪ್ಲೊಮಾಕ್ಕಿಂತ ಚೆನ್ನಾಗಿ ಇದೆ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ ಹೀಗೆಯೇ ಜನ ಹರಿಯುತ್ತದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವ ಒಂದು ಗಳಿಗೆಗಾಗಿ ತುಂಗಭದ್ರೆಯ ಆಚೆ ದಡದಿಂದಲೂ ಬರುತ್ತಾರೆ. ಹರಪನಹಳ್ಳಿಯ ಉಚ್ಚಂಗಿದುರ್ಗಕ್ಕೆ ಹೋಗುವವರಿಗೆ ನಡಿಗೆ ಮುಗಿದ ಮೇಲೆ ಗುಡ್ಡ ಹತ್ತುವುದು ಬಾಕಿ ಇರುತ್ತದೆ.

ಕೂಡ್ಲಿಗಿಯ ಕುರಿಗಾರರದು ಬೇರೆ ಲೆಕ್ಕ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗಿ, ಒಂದೊಂದು ಗದ್ದೆಯಲ್ಲಿ ರಾತ್ರಿ ಕುರಿ ತರುಬಿ, ಗೊಬ್ಬರದ ಬಾಬ್ತು ಕಾಳು ಇಸಿದುಕೊಂಡು ಮುಂದಕ್ಕೆ ಹೋಗುವವರು. ತಪ್ಪಿಸಿಕೊಂಡ ಮರಿಯ ಹಿಂದೆ ಓಡಿ, ಹಿಡಿದು, ಹೆಗಲಿಗೆ ಹಾಕಿಕೊಂಡು ಮತ್ತೆ ಹಿಂಡನ್ನು ಕೂಡಿಕೊಳ್ಳುವ ಹುಡುಗನನ್ನು ನೋಡಿದರೆ ನಿಧಾನ, ವೇಗ, ಮತ್ತೆ ನಿಧಾನ ಎಂಬ ಅಭ್ಯಾಸವನ್ನು ಯಾವ ತರಬೇತಿ ಪುಸ್ತಕವೂ ಕಲಿಸಬೇಕಾದ್ದಿಲ್ಲ ಅನ್ನಿಸುತ್ತದೆ.

ಓಡುವುದನ್ನೇ ಕಸುಬು ಮಾಡಿಕೊಂಡವರೂ ಇದ್ದರು. ಮದರಾಸು ಪ್ರಾಂತದ ಕಾಲದಲ್ಲಿ ಟಪಾಲು ಹೊರುವವರಿಗೆ ರನ್ನರು ಎಂದೇ ಹೆಸರು. ಹೆಗಲ ಮೇಲೆ ಈಟಿ ಇಲ್ಲವೇ ಕೋಲು, ಅದರ ತುದಿಗೆ ಚೀಲ, ಜೊತೆಗೊಂದು ಗೆಜ್ಜೆಯ ಗೊಂಚಲು. ಗೆಜ್ಜೆಯ ಸದ್ದಿಗೆ ಕಾಡುಮೃಗ ದೂರ ಸರಿಯಬೇಕು, ಮುಂದಿನ ಹಂತದ ರನ್ನರು ಎದ್ದು ನಿಲ್ಲಬೇಕು. ಗುಡೇಕೋಟೆಯ ಗುಡ್ಡಗಳಲ್ಲಿ ಇಂದಿಗೂ ಕರಡಿ ಇವೆ, ಅವಕ್ಕೊಂದು ಧಾಮವನ್ನೇ ಮಾಡಿದ್ದಾರೆ. ಆ ದಾರಿಯಲ್ಲಿ ರಾತ್ರಿ ಹೊತ್ತು ಒಬ್ಬಂಟಿಯಾಗಿ ಓಡುವುದು ಎಂಥ ಕೆಲಸವೆಂದು ನಾವೇ ಊಹಿಸಿಕೊಳ್ಳಬೇಕು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂತು. ಹಳಿ ಇಲ್ಲದ ಊರುಗಳಿಗೆ ಮಾತ್ರ ಕಾಲೇ ಗತಿಯಾಗಿತ್ತು.

ಅಳತೆಯ ಮಾತಿಗೆ ಬಂದರೆ, ಈ ನೆಲದ ಬಡವರ ಕಾಲಿಗೆ ಸರ್ಕಾರ ಮೈಲಿಯ ಲೆಕ್ಕ ಹಚ್ಚಿದ್ದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ. 1876ರಿಂದ 1878ರವರೆಗಿನ ಆ ಬರಕ್ಕೆ ಮದರಾಸು ಪ್ರಾಂತದಲ್ಲಿ ಬಹಳ ನುಗ್ಗಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಖರ್ಚು ಹಿಡಿಯಲು ಬಂದ ಸರ್ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಗೊತ್ತುಮಾಡಿದ. ಅದರ ಜೊತೆಗೆ ದೂರದ ಪರೀಕ್ಷೆ ಎಂಬ ನಿಯಮವಿತ್ತು. ಕೈಲಾಗುವ ಆಳಿಗೆ ತನ್ನ ಮನೆಯಿಂದ ಹತ್ತು ಮೈಲಿ ಒಳಗಿನ ಪರಿಹಾರ ಕಾಮಗಾರಿಯಲ್ಲಿ ಕೆಲಸ ಕೊಡುವಂತಿರಲಿಲ್ಲ. ನಿಜವಾಗಿ ಹಸಿದವನಾದರೆ ಹತ್ತು ಮೈಲಿ ನಡೆದು ಬರುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಹತ್ತು ಮೈಲಿ ಎಂದರೆ ಹದಿನಾರು ಕಿಲೋಮೀಟರು. ನಾನು ಹೇಳುತ್ತಿರುವ 10,000 ಮೀಟರ್ ಓಟಕ್ಕಿಂತ ಆರು ಕಿಲೋಮೀಟರು ಹೆಚ್ಚು. ಅದನ್ನು ಹೊಟ್ಟೆಗಿಲ್ಲದವರು ಮಕ್ಕಳನ್ನು ಕಟ್ಟಿಕೊಂಡು ನಡೆಯಬೇಕಾಗಿತ್ತು. ದೂರದ ಓಟದ ಇತಿಹಾಸದಲ್ಲಿ ಇದನ್ನು ಯಾಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆಯವರು ದೂರವನ್ನು ಆಟವಾಗಿ ಕಾಣಲು ಅಷ್ಟು ತಡವಾದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಕನ್ನಡ ನಾಡಿನ ಒಂದು ಜೊತೆ ಕಾಲು ಒಲಿಂಪಿಕ್ಸಿನ ಅಳತೆಗೆ ಸಿಕ್ಕದ್ದು ಇದಾದ ನಲವತ್ತು ವರ್ಷಗಳ ಮೇಲೆ, ನಮ್ಮ ಜಿಲ್ಲೆಯಿಂದ ಪಡುವಲಿಗೆ, ಬೆಳಗಾವಿಯಲ್ಲಿ.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನದ ಕ್ರೀಡಾಕೂಟಕ್ಕೆ ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಬಂದಿದ್ದರು. ಇಂಗ್ಲೆಂಡಿನಲ್ಲಿ ಓದಿ ಅಲ್ಲಿಯ ಆಟೋಟಗಳ ರುಚಿ ಹತ್ತಿದವರು. ಅವರ ಮುಂದೆ ಓಡಿದವರು ಬಹುಪಾಲು ಹೊಲ ಉಳುವ ಮಕ್ಕಳು, ಬರಿಗಾಲು, ಓಟದ ನಿಯಮಗಳ ಗಂಧ ಕಡಿಮೆ. ಆದರೆ ಅವರು ಓಡಿದ ಹೊತ್ತು ಯೂರೋಪಿನವರ ಹೊತ್ತಿಗೆ ಹೋಲಿಸಬಹುದಾದದ್ದು ಎಂದು ಟಾಟಾ ಅವರಿಗೆ ಅನ್ನಿಸಿತು. ಹತ್ತು ವರ್ಷದ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಕಾಗದದಲ್ಲಿ ಅವರು ಈ ಸಂಗತಿಯನ್ನು ನೆನೆಸಿಕೊಂಡಿದ್ದಾರೆ. ಬೊಂಬಾಯಿ ಗವರ್ನರ್ ಜಾರ್ಜ್ ಲಾಯ್ಡ್ ಬೆಂಬಲಕ್ಕೆ ನಿಂತರು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಇಂಡಿಯಾ ತಂಡ ಕಳಿಸುವುದೆಂದು ತೀರ್ಮಾನವಾಗಿ, ಪುಣೆಯಲ್ಲಿ ಆಯ್ಕೆಯ ಓಟಗಳು ನಡೆದವು.

ಆ ಸಿದ್ಧತೆಯ ಒಂದು ಪ್ರಸಂಗವನ್ನು ಒಲಿಂಪಿಕ್ ಇತಿಹಾಸ ಬರೆದವರು ಹೇಳುತ್ತಾರೆ. ನೂರು ಗಜದ ಓಟಕ್ಕೆ ಅರ್ಹತೆಯ ಹೊತ್ತು ಎಷ್ಟಿರಬೇಕೆಂಬ ಚರ್ಚೆಯಲ್ಲಿ ಒಬ್ಬ ದೊಡ್ಡ ಮನುಷ್ಯರು ಅರ್ಧ ನಿಮಿಷ ಎಂದರಂತೆ. ಅದು ಸೆಕೆಂಡು, ಸೆಕೆಂಡಿನ ಭಾಗಗಳ ಲೆಕ್ಕವೆಂದು ಕೇಳಿ ಅವರು ದಂಗಾದರಂತೆ. ಪುಣೆಯಂಥ ಪುಣೆಯ ಸಮಿತಿಯಲ್ಲೇ ಹೀಗಿದ್ದಾಗ ಕೂಡ್ಲಿಗಿಯಲ್ಲಿ ಸ್ಟಾಪ್‌ವಾಚು ಹಿಡಿದವರು ಎಲ್ಲಿಂದ ಬರಬೇಕಿತ್ತು?

ಆಯ್ಕೆಯಾದವರು ಆರು ಜನ. ಓಟಕ್ಕೆ ಪೂರ್ಮ ಬ್ಯಾನರ್ಜಿ, ಸದಾಶಿವ ದಾತಾರ್, ಕೈಕಾಡಿ ಮತ್ತು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಕುಸ್ತಿಗೆ ಕುಮಾರ್ ನವಲೆ, ರಣಧೀರ್ ಶಿಂದೆ. ಚೌಗುಲೆಯವರ ಹೆಸರಿದ್ದದ್ದು 10,000 ಮೀಟರು ಮತ್ತು ಮ್ಯಾರಥಾನ್ ಎರಡಕ್ಕೂ. ಹಡಗಿನಲ್ಲಿ ಹೋಗಿ, ಇಂಗ್ಲೆಂಡಿನಲ್ಲಿ ಇಳಿದು ತಾಲೀಮು ಮಾಡಿ, ಅಲ್ಲಿಂದ ಆಂಟ್‌ವರ್ಪ್ ಸೇರಿದರು.

ಆ ವರ್ಷದ 10,000 ಮೀಟರ್ ಓಟ ಆಟೋಟದ ಚರಿತ್ರೆಯಲ್ಲಿ ಹೆಸರಾದದ್ದು. ಫಿನ್ಲೆಂಡಿನ ಪಾವೊ ನುರ್ಮಿಗೆ ಆಗ ಇಪ್ಪತ್ಮೂರು ವರ್ಷ. ಮೂರು ದಿನ ಮೊದಲು 5,000 ಮೀಟರಿನಲ್ಲಿ ಫ್ರಾನ್ಸಿನ ಜೋಸೆಫ್ ಗಿಯೆಮೊ ಅವನನ್ನು ಸೋಲಿಸಿದ್ದ. ಗಿಯೆಮೊ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಬದುಕಿ ಬಂದ ಸಿಪಾಯಿ. ಆಗಸ್ಟ್ 20ರ 10,000 ಮೀಟರಿನಲ್ಲಿ ನುರ್ಮಿ ಕೊನೆಯ ಸುತ್ತಿನಲ್ಲಿ ಆತನನ್ನು ಹಿಂದೆ ಹಾಕಿ ಗೆದ್ದ. ಹೊತ್ತು 31 ನಿಮಿಷ 45.8 ಸೆಕೆಂಡು. ಅದು ನುರ್ಮಿಯ ಮೊದಲ ಒಲಿಂಪಿಕ್ ಚಿನ್ನ. ಆಮೇಲೆ ಇನ್ನೂ ಎಂಟು ಬಂದವು. ಆ ಅಂತಿಮ ಓಟದಲ್ಲಿ ನಮ್ಮವರು ಯಾರೂ ಇರಲಿಲ್ಲ.

ಎರಡು ದಿನ ಕಳೆದು ಆಗಸ್ಟ್ 22ರಂದು, ಮಳೆ ಹನಿಯುತ್ತಿದ್ದ ದಿನ, ಮ್ಯಾರಥಾನ್. ಇಂದು ಎಲ್ಲರೂ ಓಡುವ ಮ್ಯಾರಥಾನಿನ ದೂರ 42.195 ಕಿಲೋಮೀಟರು. ಆಂಟ್‌ವರ್ಪಿನ ದಾರಿ 42.75 ಕಿಲೋಮೀಟರು, ಒಲಿಂಪಿಕ್ಸಿನ ಮ್ಯಾರಥಾನುಗಳಲ್ಲೇ ಅತಿ ಉದ್ದದ್ದು. ಫಿನ್ಲೆಂಡಿನವನೇ ಆದ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿಗೆ ಗೆದ್ದ. ಫಡೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿಗೆ ಮುಟ್ಟಿ ಹತ್ತೊಂಬತ್ತನೆಯವರಾದರು.

ಹತ್ತೊಂಬತ್ತನೆಯ ಸ್ಥಾನ ಎಂದೊಡನೆ ಹುಡುಗರ ಮುಖ ಸಣ್ಣದಾಗುತ್ತದೆ. ಅದಕ್ಕೇ ನಾನು ಕರಿಹಲಗೆಯ ಮೇಲೆ ಭಾಗಾಕಾರ ಮಾಡಿಸುತ್ತಿದ್ದೆ. 10,245 ಸೆಕೆಂಡನ್ನು 42.75ರಿಂದ ಭಾಗಿಸಿದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 240 ಸೆಕೆಂಡು, ಅಂದರೆ ನಾಲ್ಕು ನಿಮಿಷ. ಈಗ ಕರ್ನಾಟಕದ ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಆ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷ ನಾಲ್ಕು ಸೆಕೆಂಡಿನ ಹಾಗೆ ಬೀಳುತ್ತದೆ. ಒಂದೂವರೆ ಕಿಲೋಮೀಟರು ಚಿಲ್ಲರೆಗೆ ನಮ್ಮ ಹುಡುಗರು ಎದೆ ಒಡೆದುಕೊಂಡು ಹಿಡಿಯುವ ವೇಗಕ್ಕಿಂತ ಒಂದು ಕೂದಲು ಹೆಚ್ಚಿನ ವೇಗವನ್ನು ಬೆಳಗಾವಿಯ ಈ ಮನುಷ್ಯ, ನೂರು ವರ್ಷದ ಹಿಂದೆ, ಪರದೇಶದ ಮಳೆಯಲ್ಲಿ, ಸುಮಾರು ನಲವತ್ಮೂರು ಕಿಲೋಮೀಟರು ಉಳಿಸಿಕೊಂಡಿದ್ದರು. ಈ ಲೆಕ್ಕ ಮುಗಿದ ಮೇಲೆ ಹತ್ತೊಂಬತ್ತು ಎಂಬ ಅಂಕಿಗೆ ತರಗತಿಯಲ್ಲಿ ಬೇರೆ ಮರ್ಯಾದೆ ಸಿಗುತ್ತಿತ್ತು.

ಬೆಳಗಾವಿಯವರು ಹೋದರು, ನಮ್ಮವರು ಯಾಕೆ ಹೋಗಲಿಲ್ಲ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಕಾಲಿನ ಕಸುವಿನಲ್ಲಿ ವ್ಯತ್ಯಾಸವಿರಲಾರದು. ವ್ಯತ್ಯಾಸವಿದ್ದದ್ದು ನಕಾಶೆಯಲ್ಲಿ. 1920ರಲ್ಲಿ ಬೆಳಗಾವಿ ಬೊಂಬಾಯಿ ಪ್ರಾಂತದ್ದು, ಪುಣೆಗೆ ನೇರ ರೈಲು, ಪುಣೆಯಲ್ಲಿ ಜಿಮ್ಖಾನ, ಜಿಮ್ಖಾನದ ಮೇಲೆ ಟಾಟಾ, ಟಾಟಾ ಹಿಂದೆ ಗವರ್ನರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ನಮ್ಮ ರೈಲು ಹೊಸಪೇಟೆ, ಬಳ್ಳಾರಿ, ಗುಂತಕಲ್ಲು ದಾಟಿ ಮದರಾಸಿಗೆ ಹೋಗುತ್ತಿತ್ತು. ಆ ಮದರಾಸಿನಲ್ಲಿ ಹಳ್ಳಿಯ ಬರಿಗಾಲ ಓಟಗಾರನನ್ನು ಹುಡುಕಿ ಹಡಗು ಹತ್ತಿಸುವ ಟಾಟಾ ಇರಲಿಲ್ಲ.

ಆದರೆ ಅದೇ 1920ರಲ್ಲಿ ಮದರಾಸಿನಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್ ಎಂಬುವರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದರು. ಟಾಟಾ ಓಟಗಾರರನ್ನು ಆರಿಸಿದರು. ಬಕ್ ಮೇಷ್ಟ್ರುಗಳನ್ನು ತಯಾರು ಮಾಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಇಂಡಿಯಾ ಅಥ್ಲೀಟುಗಳ ಜೊತೆ ಹೋದವರು ಇವರೇ. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟುವಾಗ ಟಾಟಾ ಅಧ್ಯಕ್ಷರಾದರು, ಅದರ ಹಿಂದಿನ ದುಡಿಮೆಯಲ್ಲಿ ಬಕ್ ಅವರ ಪಾಲು ದೊಡ್ಡದು. ಅವರು ಮಾಡಿಟ್ಟ ರೂಲ್ಸ್ ಆಫ್ ಗೇಮ್ಸ್ ಅಂಡ್ ಸ್ಪೋರ್ಟ್ಸ್ ಎಂಬ ಪುಸ್ತಕ ದಕ್ಷಿಣದ ಡ್ರಿಲ್ ಮೇಷ್ಟ್ರುಗಳ ಕೈಪಿಡಿಯಾಯಿತು. ನಮ್ಮ ಕಾಲದ ಹಿರಿಯ ಮೇಷ್ಟ್ರೊಬ್ಬರು ಹಾಳೆ ಹಳದಿಯಾದ ಅದರ ಪ್ರತಿಯನ್ನು ಅಂಗಿಯ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ತಕರಾರು ಬಂದಾಗ ಬಿಚ್ಚಿ, ಪುಟ ತೋರಿಸಿ, ಮತ್ತೆ ಸುತ್ತಿಡುತ್ತಿದ್ದರು. ನಾನು ಟ್ರ್ಯಾಕು ಹಾಕುವುದನ್ನು ಕಲಿತದ್ದು ಅವರಿಂದ.

ಆ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದೂರದ ಓಟದ ಸತ್ಯವೆಲ್ಲ ಅದರಲ್ಲಿದೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಶುರು ಮಾಡಬೇಕು. ಬಯಲಿನ ನಡುವೆ ಉದ್ದಕ್ಕೆ ದಾರ ಹಿಡಿದು, ಅದರ ಮೇಲೆ ಸರಿಯಾಗಿ 50 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಬೇಕು. ಎರಡು ಬದಿಯ ನೇರ ಓಟಕ್ಕೆ ಐವತ್ತು ಐವತ್ತು, ಒಟ್ಟು ನೂರು. ಉಳಿದ ನೂರು ಮೀಟರು ಎರಡು ತಿರುವಿನಲ್ಲಿ ಬರಬೇಕು. ಅದಕ್ಕೆ ಓಟಗಾರನ ಕಾಲು ಬೀಳುವ ದಾರಿಯ ತ್ರಿಜ್ಯ 15.92 ಮೀಟರು. ಇದಕ್ಕೆ ನಾವು ಆರ್.ಡಿ.ಆರ್. ಅನ್ನುತ್ತೇವೆ. ಆದರೆ ಸುಣ್ಣದ ಗೆರೆಯ ಮೇಲೆಯೇ ಯಾರೂ ಓಡುವುದಿಲ್ಲ, ಒಂದು ಅಡಿಯಷ್ಟು ಆಚೆಗೆ ಓಡುತ್ತಾರೆ. ಆ 30 ಸೆಂಟಿಮೀಟರನ್ನು ಕಳೆದು 15.62ಕ್ಕೆ ಗೆರೆ ಎಳೆಯಬೇಕು. ಇದು ಎಂ.ಡಿ.ಆರ್. ಗೂಟಕ್ಕೆ ತಂತಿ ಸಿಕ್ಕಿಸಿ, ಅಳತೆಗೆ ಮೊಳೆ ಕಟ್ಟಿ, ತಂತಿ ಸಡಿಲವಾಗದಂತೆ ಎಳೆದು ಹಿಡಿದು ಅರ್ಧ ಸುತ್ತು ನೆಲ ಗೀರಬೇಕು. ಹಿಂದೆ ಇಬ್ಬರು ಹುಡುಗರು ತೂತು ಡಬ್ಬಿಯಲ್ಲಿ ಸುಣ್ಣದ ಪುಡಿ ಉದುರಿಸುತ್ತ ಬರುತ್ತಾರೆ. ಹಗ್ಗ ಬೇಡ, ಇಬ್ಬನಿಗೆ ಹಗ್ಗ ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ನಮ್ಮ ಹಿರಿಯರು ಪದೇ ಪದೇ ಹೇಳುತ್ತಿದ್ದರು.

ಆ ಒಂದು ಅಡಿ ಕಳೆಯುವುದನ್ನು ಮರೆತು 15.92ಕ್ಕೇ ಗೆರೆ ಎಳೆದ ಟ್ರ್ಯಾಕುಗಳನ್ನು ನಾನು ಕಂಡಿದ್ದೇನೆ. 100 ಮೀಟರ್ ಓಡುವವನಿಗೆ ಅದರಿಂದ ನಷ್ಟವಿಲ್ಲ, ಅವನದು ನೇರ ಓಟ. ದೂರ ಓಡುವವನಿಗೆ ಸುತ್ತಿಗೆ 1.88 ಮೀಟರು ಹೆಚ್ಚು ಬೀಳುತ್ತದೆ. ಹೈಸ್ಕೂಲಿನ 3000 ಮೀಟರಿನ ಹದಿನೈದು ಸುತ್ತಿಗೆ 28 ಮೀಟರು, 10,000 ಮೀಟರಿನ ಐವತ್ತು ಸುತ್ತಿಗೆ 94 ಮೀಟರು. ಹಾಗೆ ಓಡಿದ ಹುಡುಗ ಗೆದ್ದರೂ ಅವನ ಹೊತ್ತಿಗೆ ಬೆಲೆ ಇರುವುದಿಲ್ಲ.

ನೆಲವೂ ಒಂದೇ ಥರ ಇರುವುದಿಲ್ಲ. ಕೂಡ್ಲಿಗಿ ಕಡೆಯ ಮಸಾರಿ ನೆಲ ಮಳೆ ನಿಂತ ಮಾರನೆಯ ದಿನವೇ ಓಟಕ್ಕೆ ಸಿದ್ಧ, ಕಾಲಿಗೆ ಹಿತ. ಎರೆ ನೆಲದ ಬಯಲಾದರೆ ಹಸಿಯಿದ್ದಾಗ ಪಾದಕ್ಕೆ ಮೆತ್ತಿಕೊಂಡು ಭಾರವಾಗುತ್ತದೆ, ಒಣಗಿದರೆ ಬಿರುಕು ಬಿಟ್ಟು ಹಿಮ್ಮಡಿ ಹಿಡಿಯುತ್ತದೆ. ತಾಲ್ಲೂಕು ಕ್ರೀಡಾಕೂಟಗಳು ಮಳೆಗಾಲದಲ್ಲೇ ಬರುವುದರಿಂದ ಎರೆ ಸೀಮೆಯ ಹುಡುಗರ ಹೊತ್ತು ಯಾವಾಗಲೂ ಅವರ ಶಕ್ತಿಗಿಂತ ಕಡಿಮೆಯದನ್ನೇ ತೋರಿಸಿದೆ.

ಇನ್ನು ಎಣಿಕೆ. ಒಬ್ಬೊಬ್ಬ ಓಟಗಾರನಿಗೆ ಒಬ್ಬೊಬ್ಬ ಎಣಿಸುವವನು ಬೇಕು. ಐದಾರು ಸುತ್ತು ಆಗುವಷ್ಟರಲ್ಲಿ ಮುಂದಿನವನು ಹಿಂದಿನವನನ್ನು ದಾಟಿರುತ್ತಾನೆ, ಯಾರು ಮುಂದೆ ಯಾರು ಹಿಂದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಹುಡುಗಿಯರನ್ನು ಕೂರಿಸಿ ಕೈಗೆ ಹಾಳೆ ಕೊಡುತ್ತಿದ್ದೆ. ಅವರು ಗೆರೆ ಎಳೆಯುವುದರಲ್ಲಿ ತಪ್ಪುತ್ತಿರಲಿಲ್ಲ. ಕೊನೆಯ ಸುತ್ತಿಗೆ ಗಂಟೆ ಹೊಡೆಯಬೇಕು. ಗಂಟೆಯೆಂದರೆ ಶಾಲೆಯ ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು. ಅದರ ಸದ್ದು ಕೇಳಿದ ಕ್ಷಣ ಸೋತು ಸುಣ್ಣವಾದ ಹುಡುಗನ ಮೊಣಕಾಲು ಮೇಲೇಳುವುದನ್ನು ಪ್ರತಿ ಸಲವೂ ಹೊಸದಾಗಿ ನೋಡಿದವನ ಹಾಗೆ ನೋಡಿದ್ದೇನೆ.

1953ರ ಅಕ್ಟೋಬರ್ 1ರಂದು ಆಂಧ್ರ ಬೇರೆಯಾದಾಗ ನಮ್ಮ ತಾಲ್ಲೂಕುಗಳು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. ಮೂರು ವರ್ಷದ ಮೇಲೆ ಬೆಳಗಾವಿಯೂ ಬಂತು. ಅಂದಿನಿಂದ ಚೌಗುಲೆಯವರ ಊರೂ ನಮ್ಮ ಊರೂ ಒಂದೇ ರಾಜ್ಯದ ಕ್ರೀಡಾಕೂಟಕ್ಕೆ ಸೇರಿದವು. ಅಷ್ಟರಲ್ಲಿ ದೂರದ ಓಟ ದೇಶದಲ್ಲಿ ಸೇನೆಯ ಓಟವಾಗಿತ್ತು. 1962ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ತರ್ಲೋಕ್ ಸಿಂಗ್ 10,000 ಮೀಟರಿನ ಚಿನ್ನ ತಂದರು. 1974ರ ಟೆಹರಾನಿನಲ್ಲಿ 5,000 ಮೀಟರಿನ ಚಿನ್ನ ಬಿಹಾರದ ಶಿವನಾಥ್ ಸಿಂಗ್ ಅವರದು. ಈ ಶಿವನಾಥ್ ಬರಿಗಾಲಲ್ಲಿ ಓಡುವವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರಿನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ನಲವತ್ತು ವರ್ಷ ದಾಟಿಯೂ ಉಳಿಯಿತು. ಅವರ ಸುದ್ದಿ ಪತ್ರಿಕೆಯಲ್ಲಿ ಓದಿ ಹೇಳಿದರೆ ಷೂ ಇಲ್ಲವೆಂದು ಹಿಂಜರಿಯುವ ಹುಡುಗರ ಬಾಯಿ ಮುಚ್ಚುತ್ತಿತ್ತು.

ಮಾಂಟ್ರಿಯಲ್ಲಿನಲ್ಲೇ ಪಂಜಾಬಿನ ಹರಿಚಂದ್ 10,000 ಮೀಟರನ್ನು 28 ನಿಮಿಷ 48.72 ಸೆಕೆಂಡಿಗೆ ಓಡಿದರು. ಸುತ್ತಿಗೆ 69 ಸೆಕೆಂಡಿನ ಲೆಕ್ಕ. 1978ರ ಬ್ಯಾಂಕಾಕ್ ಏಷ್ಯನ್ ಗೇಮ್ಸಿನಲ್ಲಿ 5,000, 10,000 ಎರಡರ ಚಿನ್ನವೂ ಅವರಿಗೇ. ಅವರ ಮಾಂಟ್ರಿಯಲ್ ದಾಖಲೆಯನ್ನು ಸುರೇಂದ್ರ ಸಿಂಗ್ ಮುರಿದದ್ದು 2008ರಲ್ಲಿ. ಮೂವತ್ತೆರಡು ವರ್ಷ ಒಂದು ದಾಖಲೆ ಹಾಗೇ ಉಳಿಯಿತು ಎಂದರೆ ಓಡಿದವರ ದೊಡ್ಡತನ ಎಷ್ಟೋ, ಅಷ್ಟೇ ಹಿಂದೆ ಬರಬೇಕಾದವರನ್ನು ನಾವು ಹುಡುಕದೆ ಹೋದದ್ದೂ ಹೌದು. ಈಗ ಬಾಗಿಲು ಮತ್ತೆ ತೆರೆದಿದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನ 10,000 ಮೀಟರಿನಲ್ಲಿ ಕಾರ್ತಿಕ್ ಕುಮಾರ್ ಬೆಳ್ಳಿ, ಗುಲ್ವೀರ್ ಸಿಂಗ್ ಕಂಚು ಗೆದ್ದರು. 2025ರ ಮಾರ್ಚಿನಲ್ಲಿ ಗುಲ್ವೀರ್ ಇದೇ ದೂರವನ್ನು 27 ನಿಮಿಷ 0.22 ಸೆಕೆಂಡಿಗೆ ಓಡಿದರು. ಅದೇ ವರ್ಷ ದಕ್ಷಿಣ ಕೊರಿಯಾದ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಚಿನ್ನ ಗೆದ್ದರು. ಗುಲ್ವೀರ್ ಕೂಡ ಹಳ್ಳಿಯಿಂದ ಸೇನೆಗೆ ಸೇರಿ ಬೆಳಕಿಗೆ ಬಂದವರು.

ನಮ್ಮ ಕಡೆಯ ಹುಡುಗರು ಸೇನೆಗೆ, ಪೊಲೀಸಿಗೆ ಸೇರಲು ಇಂದು ಬೆಳಗಿನ ಜಾವ ಓಡುತ್ತಾರೆ. ಕೂಡ್ಲಿಗಿ ಹಾದು ಹೋಗುವ ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ನಾಲ್ಕೂವರೆಗೇ ಗುಂಪು ಗುಂಪಾಗಿ ಸಿಗುತ್ತಾರೆ, ಮೊಬೈಲಿನ ಬೆಳಕು ಹಿಡಿದುಕೊಂಡು. ಆಯ್ಕೆಗೆ 1600 ಮೀಟರು ಸಾಕಾದ್ದರಿಂದ ಅವರ ಓಟವೂ 1600ಕ್ಕೆ ನಿಲ್ಲುತ್ತದೆ. ಕೆಲಸ ಸಿಕ್ಕಿತೋ ಓಟ ಮುಗಿಯಿತು, ಸಿಗಲಿಲ್ಲವೋ ಆಗಲೂ ಮುಗಿಯಿತು. ಹೊಟ್ಟೆಪಾಡಿಗಾಗಿ ಓಡುವವರನ್ನು ನಾನು ಯಾವತ್ತೂ ಕೀಳಾಗಿ ಕಂಡಿಲ್ಲ. ಆ ಗುಂಪಿನಲ್ಲಿ ಇಪ್ಪತ್ತೈದು ಸುತ್ತಿನ ಒಬ್ಬ ಓಟಗಾರ ಇದ್ದರೆ ಅವನನ್ನು ಗುರುತಿಸುವ ಏರ್ಪಾಡು ಇಲ್ಲವಲ್ಲ ಎಂಬುದು ನನ್ನ ಸಂಕಟ. ನಾಲ್ಕು ಸುತ್ತಿನಲ್ಲಿ ಹಿಂದೆ ಬಿದ್ದವನು ಇಪ್ಪತ್ತನೆಯ ಸುತ್ತಿನಲ್ಲಿ ಮುಂದೆ ಇರಬಹುದು. ನಾಲ್ಕಕ್ಕೇ ನಿಲ್ಲಿಸಿದರೆ ಅದು ಯಾರಿಗೂ ತಿಳಿಯುವುದಿಲ್ಲ.

ತಿಳಿದದ್ದನ್ನೂ ನಾವು ಬರೆದಿಡಲಿಲ್ಲ. ನನ್ನ ಹತ್ತಿರ ಹಳೆಯ ವಿದ್ಯಾರ್ಥಿಗಳು ತೋರಿಸಲು ತಂದ ಪ್ರಮಾಣಪತ್ರಗಳಲ್ಲಿ ಹೆಸರಿದೆ, ಶಾಲೆ ಇದೆ, ಸ್ಪರ್ಧೆ ಇದೆ, ಸ್ಥಾನ ಇದೆ. ಓಡಿದ ಹೊತ್ತು ಬರೆಯಲು ಜಾಗವೇ ಇಲ್ಲ. ಫಡೆಪ್ಪ ಚೌಗುಲೆಯವರ ಓಟ ಸೆಕೆಂಡಿನ ಹತ್ತನೇ ಭಾಗದವರೆಗೆ ಇಂದಿಗೂ ಸಿಗುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ತಾಲ್ಲೂಕಿನ 3000 ಮೀಟರಿನಲ್ಲಿ ಮೊದಲು ಬಂದ ಹುಡುಗ ಎಷ್ಟು ನಿಮಿಷಕ್ಕೆ ಓಡಿದನೆಂದು ಕೇಳಿದರೆ ಉತ್ತರವಿಲ್ಲ. ಹರಪನಹಳ್ಳಿಯ ಕಾಗದಗಳಂತೂ ಮೂರು ಕಡೆ ಚದುರಿವೆ. 1997ರಲ್ಲಿ ಆ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆ ಸೇರಿತು. ಅಲ್ಲಿಯ ಮಕ್ಕಳು ಜಿಲ್ಲಾ ಕ್ರೀಡಾಕೂಟಕ್ಕೆ ಒಂದು ಕಾಲದಲ್ಲಿ ತೆಂಕಣಕ್ಕೆ ಹೋದರು, ಆಮೇಲೆ ಬಡಗಣಕ್ಕೆ ಹೋದರು. ಅಣ್ಣ ಗೆದ್ದದ್ದು ಒಂದು ಜಿಲ್ಲೆಯ ಪಟ್ಟಿಯಲ್ಲಿ, ತಮ್ಮ ಗೆದ್ದದ್ದು ಇನ್ನೊಂದರಲ್ಲಿ.

ಈಗ ಐದೂ ತಾಲ್ಲೂಕು ಒಂದೇ ಜಿಲ್ಲೆಯಲ್ಲಿರುವುದರಿಂದ ನನಗೊಂದು ಆಸೆ ಬಂದಿದೆ. ವರ್ಷಕ್ಕೊಮ್ಮೆ, ಕೊಟ್ಟೂರು ತೇರು ಮುಗಿದು ಬಿಸಿಲು ಬಲಿಯುವ ಮುನ್ನ, ಸರಿಯಾಗಿ ಅಳೆದ ಟ್ರ್ಯಾಕಿನ ಮೇಲೆ ಒಂದು 10,000 ಮೀಟರ್ ಓಟ ನಡೆಯಲಿ. ವಯಸ್ಸಿನ ಗಡಿ ಬೇಡ. ಪೊಲೀಸ್ ಆಯ್ಕೆಯಲ್ಲಿ ಬಿದ್ದ ಹುಡುಗ, ಕುರಿ ಕಾಯುವವನು, ಕೊಟ್ಟೂರಿಗೆ ನಡೆದು ಬಂದವನು, ಯಾರು ಬೇಕಾದರೂ ಓಡಲಿ. ಪ್ರತಿಯೊಬ್ಬನಿಗೂ ಒಬ್ಬ ಎಣಿಸುವವಳು, ಒಂದು ಹಾಳೆ. ಮೊದಲಿನವನದಷ್ಟೇ ಕಾಳಜಿಯಿಂದ ಕೊನೆಯವನ ಹೊತ್ತನ್ನೂ ಬರೆಯಬೇಕು. ಇದನ್ನು ನಡೆಸಲು ಮುಂದೆ ಬರುವ ಸಂಘದವರಿಗೆ ಟ್ರ್ಯಾಕು ಹಾಕಿಕೊಡಲು ನಾನು ಸಿದ್ಧ. ತಂತಿ, ಗೂಟ, ಟೇಪು ನನ್ನ ಮನೆಯಲ್ಲಿವೆ.

ಇನ್ನೊಂದು ಕೋರಿಕೆ ಈ ತಾಲ್ಲೂಕುಗಳ ಹಳೆಯ ಪಿ.ಟಿ. ಮೇಷ್ಟ್ರುಗಳ ಮನೆಯವರಿಗೆ. ನಮ್ಮಲ್ಲಿ ಕೆಲವರು ಓಟದ ಹೊತ್ತುಗಳನ್ನು ಹಾಜರಿ ಪುಸ್ತಕದ ಹಿಂಬದಿಯಲ್ಲಿ, ಜೇಬಿನ ಡೈರಿಯಲ್ಲಿ, ಸಿಗರೇಟು ಪ್ಯಾಕಿನ ಒಳಹಾಳೆಯ ಮೇಲೂ ಬರೆದುಕೊಳ್ಳುತ್ತಿದ್ದರು. ಅಟ್ಟದ ಮೇಲೆ, ಟ್ರಂಕಿನಲ್ಲಿ ಅಂಥವು ಸಿಕ್ಕರೆ ರದ್ದಿಗೆ ಹಾಕಬೇಡಿ. ಅಂಕಿಯ ಪಕ್ಕದಲ್ಲಿ ಊರು, ವರ್ಷ ಮತ್ತು ಆ ಟ್ರ್ಯಾಕು 200 ಮೀಟರಿನದೋ 400 ಮೀಟರಿನದೋ ಎಂಬುದು ಕಾಣುತ್ತದೆಯೇ ನೋಡಿ, ನನಗೆ ಒಂದು ಮಾತು ಹೇಳಿ ಕಳಿಸಿ. ನಾನೇ ಬಂದು ನಕಲು ಮಾಡಿಕೊಂಡು ಹೋಗುತ್ತೇನೆ.